ಸತ್ಯಾಂಶ: ಥೀಸಿಸ್ ಶೋಧಗಂಗಾಕ್ಕೆ ಹಾಕಿದರೆ ಹಕ್ಕು ಹೋಗುತ್ತಾ?

ದಾವಣಗೆರೆಯ ರಿಸರ್ಚ್ ಗ್ರೂಪುಗಳಲ್ಲಿ ಒಂದು ಫಾರ್ವರ್ಡ್ ಸುತ್ತುತ್ತಿದೆ: "ಪಿಎಚ್‌ಡಿ ಥೀಸಿಸ್ ಶೋಧಗಂಗಾಕ್ಕೆ ಹೋದರೆ ಹಕ್ಕು ಸರ್ಕಾರದ್ದು. ಕದಿಯೋರಿಗೆ ಬಾಗಿಲು ತೆರೆದ ಹಾಗೆ. ಲೈಬ್ರರಿಗೆ ಸಾಫ್ಟ್ ಕಾಪಿ ಕೊಡಬೇಡಿ."

ಹಕ್ಕು ಎಲ್ಲೂ ಹೋಗುವುದಿಲ್ಲ. ಶೋಧಗಂಗಾ ಅನ್ನೋದು ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಎಂಬ ಗ್ರಂಥಾಲಯ ಜಾಲ ಕೇಂದ್ರ ನಡೆಸುವ, ಥೀಸಿಸ್‌ಗಳ ಆನ್‌ಲೈನ್ ಭಂಡಾರ ಅಷ್ಟೇ. ಇಟ್ಟುಕೊಳ್ಳಲು, ಓದಿಸಲು ನೀವು ಅನುಮತಿ ಕೊಡುತ್ತೀರಿ, ಬರಹ ನಿಮ್ಮದೇ. ಕೊಡದೆ ಇರೋಣ ಅಂದರೂ ಆಗಲ್ಲ, ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2009ರ ನಿಯಮದ ಕಾಲದಿಂದಲೂ ಸಾಫ್ಟ್ ಕಾಪಿ ಕೊಡಬೇಕು ಅಂತಿದೆ.

ಇನ್ನು ಕಳ್ಳತನ. ದಾವಣಗೆರೆ ವಿಶ್ವವಿದ್ಯಾಲಯದ ತೋಳಹುಣಸೆ ಕ್ಯಾಂಪಸ್ಸಿನ ಕಪಾಟಿನಲ್ಲಿ ನಿಮ್ಮ ಥೀಸಿಸ್, ದಪ್ಪ ರಟ್ಟು, ಬಂಗಾರದ ಬಣ್ಣದ ಅಕ್ಷರ, ಸುಮ್ನೆ ಕೂತಿದೆ ಅಂದುಕೊಳ್ಳಿ. ಯಾರೋ ಅದರಿಂದ ಎರಡು ಅಧ್ಯಾಯ ಟೈಪ್ ಮಾಡಿಕೊಂಡು ತಮ್ಮದು ಅಂದರೆ ಗೊತ್ತಾಗುವುದು ಹೇಗೆ? ಅದೇ ಆನ್‌ಲೈನ್‌ನಲ್ಲಿದ್ದರೆ ನಕಲು ಹಿಡಿಯುವ ಸಾಫ್ಟ್‌ವೇರ್ ಹೋಲಿಸಿ ನೋಡಿ, ಸಾಲು ಸಾಲಿಗೆ ಬಣ್ಣ ಬಳಿದು, ಎಲ್ಲಿಂದ ಎತ್ತಿದ್ದು ಅಂತ ತೋರಿಸಬಲ್ಲದು. ಬಚ್ಚಿಟ್ಟದ್ದೇ ಜಾಸ್ತಿ ಅಪಾಯ, ಅಲ್ವಾ?

ಪೇಟೆಂಟ್ ಮಾಡಿಸುವ ಯೋಚನೆ ಇದ್ದವರು ಮಾತ್ರ ಹುಷಾರಾಗಿರಿ. ಅರ್ಜಿ ಹಾಕುವ ಮುಂಚೆ ವಿಷಯ ಬಯಲಾದರೆ ತೊಂದರೆ ಆಗಬಹುದು. ಗೈಡ್ ಹತ್ತಿರ ಮೊದಲೇ ಹೇಳಿ, ಆನ್‌ಲೈನ್‌ಗೆ ಹಾಕುವುದನ್ನು ಸ್ವಲ್ಪ ಕಾಲ ತಡೆಹಿಡಿಯಲು ಕೇಳಿ.