ಡಿಮೀಕೊ ರಯನ್ಸ್ ಬರೀ ಹುರಿದುಂಬಿಸುವ ಕೋಚ್ ಅಲ್ಲ

ಅಮೆರಿಕನ್ ಫುಟ್‌ಬಾಲ್‌ನ ಹ್ಯೂಸ್ಟನ್ ಟೆಕ್ಸನ್ಸ್ ತಂಡ ಗೆಲ್ಲುವ ಸೂಚನೆ ಕಂಡ ಕೂಡಲೇ ಟಿವಿ ಕ್ಯಾಮೆರಾ ಮೈದಾನದ ಅಂಚಿನಲ್ಲಿ ನಿಂತಿರುವ ಮುಖ್ಯ ಕೋಚ್ ಡಿಮೀಕೊ ರಯನ್ಸ್ ಅವರತ್ತ ತಿರುಗುತ್ತದೆ. ಆಗ ವೀಕ್ಷಕ ವಿವರಣೆ ನೀಡುವವರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: ಇವರು ಹುಟ್ಟು ನಾಯಕರು, ಹುಡುಗರಲ್ಲಿ ಕಿಚ್ಚು ಹೊತ್ತಿಸಬಲ್ಲವರು, ಆಟಗಾರರಾಗಿದ್ದವರಾದ್ದರಿಂದ ಆಟಗಾರರ ಮನಸ್ಸು ಬಲ್ಲವರು. ಇದು ಹೊಗಳಿಕೆಯೇ ಹೌದು. ಆದರೂ ಇದರ ಬಗ್ಗೆ ನನಗೊಂದು ತಕರಾರಿದೆ. ಹುಟ್ಟಿನಿಂದ ಬಂದದ್ದು ಎಂದುಬಿಟ್ಟರೆ, ಆ ಮನುಷ್ಯ ಕೂತು ಕಲಿತದ್ದಕ್ಕೆ ಲೆಕ್ಕವೇ ಇಲ್ಲದಂತಾಗುತ್ತದೆ. ರಯನ್ಸ್ ಅವರ ವೃತ್ತಿಜೀವನದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಯಾರೂ ಕ್ಯಾಮೆರಾ ತಿರುಗಿಸದಿದ್ದ ಕೆಲವು ವರ್ಷಗಳು.

ನಾನು ಕೆಲಸದ ನಿಮಿತ್ತ ಹ್ಯೂಸ್ಟನ್‌ಗೆ ಬಂದವನು. ಕ್ರಿಕೆಟ್ ನೋಡಿ ಬೆಳೆದ ನನಗೆ ಅಮೆರಿಕನ್ ಫುಟ್‌ಬಾಲ್ ಮೊದಲ ಎರಡು ವರ್ಷ ತಲೆಬುಡ ತಿಳಿಯಲಿಲ್ಲ. ಇಪ್ಪತ್ತೆರಡು ಜನ ಐದಾರು ಸೆಕೆಂಡ್ ಒಬ್ಬರ ಮೇಲೊಬ್ಬರು ಬಿದ್ದು, ಆಮೇಲೆ ಅರ್ಧ ನಿಮಿಷ ಎದ್ದು ನಿಲ್ಲುವ ಆಟ ಎಂದಷ್ಟೇ ಅನಿಸುತ್ತಿತ್ತು. ಕಚೇರಿಯ ಹಿರಿಯರೊಬ್ಬರು ಒಂದು ಉಪಾಯ ಹೇಳಿಕೊಟ್ಟರು: ಚೆಂಡನ್ನು ನೋಡಬೇಡ, ಚೆಂಡು ಕದಲುವ ಮುಂಚೆ ರಕ್ಷಣಾ ತಂಡದ ನಡುವೆ ನಿಂತು ಕೈ ತೋರಿಸುತ್ತಾ ಕೂಗುತ್ತಿರುವವನನ್ನು ನೋಡು. ಆ ಕೂಗುವವನೇ ನಡುವಿನ ಲೈನ್‌ಬ್ಯಾಕರ್. ಅಂದಿನಿಂದ ಆಟ ನನಗೆ ತೆರೆದುಕೊಂಡಿತು.

ಆ ಸ್ಥಾನದ ಕೆಲಸವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಮುಂದಿನ ಮಾತೆಲ್ಲ ಅದರ ಮೇಲೆ ನಿಂತಿದೆ. ರಕ್ಷಣಾ ತಂಡದ ಮುಂಚೂಣಿಯಲ್ಲಿ ಭಾರೀ ಮೈಕಟ್ಟಿನವರು ಎದುರಾಳಿಗಳನ್ನು ತಳ್ಳುತ್ತಿರುತ್ತಾರೆ, ತೀರಾ ಹಿಂದೆ ವೇಗದ ಓಟಗಾರರು ಪಾಸ್‌ಗಳನ್ನು ಕಾಯುತ್ತಿರುತ್ತಾರೆ. ಇವರಿಬ್ಬರ ನಡುವೆ, ಚೆಂಡಿನಿಂದ ನಾಲ್ಕೈದು ಗಜ ಹಿಂದೆ ನಿಲ್ಲುವವನು ಲೈನ್‌ಬ್ಯಾಕರ್. ಎದುರಾಳಿ ಚೆಂಡನ್ನು ಹಿಡಿದು ಓಡುವುದಾದರೆ ಇವನು ಮುಂದೆ ನುಗ್ಗಿ ಕೆಡವಬೇಕು, ಎಸೆಯುವುದಾದರೆ ಹಿಂದೆ ಸರಿದು ಜಾಗ ಮುಚ್ಚಬೇಕು. ಯಾವುದೆಂದು ತೀರ್ಮಾನಿಸಲು ಸಿಗುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಅದಕ್ಕೂ ಮುಂಚೆ, ಎದುರಾಳಿಗಳು ನಿಂತ ರೀತಿಯನ್ನು ಓದಿ ಉಳಿದ ಹತ್ತು ಜನರನ್ನು ಅತ್ತಿತ್ತ ಸರಿಸುವುದೂ ಸಾಮಾನ್ಯವಾಗಿ ಇವನ ಹೊಣೆಯೇ. 2008ರಿಂದ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್ ರಕ್ಷಣಾ ತಂಡದ ಒಬ್ಬ ಆಟಗಾರನ ಹೆಲ್ಮೆಟ್‌ನೊಳಗೆ ರೇಡಿಯೊ ಇಡಲು ಒಪ್ಪಿದೆ. ಅಂಥ ಹೆಲ್ಮೆಟ್‌ನ ಹಿಂಬದಿಯಲ್ಲಿ ಹಸಿರು ಚುಕ್ಕೆ ಇರುತ್ತದೆ. ಕೋಚ್‌ನ ದನಿ ಅದರಲ್ಲಿ ಕೇಳಿಸುವುದು, ಚೆಂಡು ಕದಲಿಸಲು ಕೊಟ್ಟ ಸಮಯವನ್ನು ಎಣಿಸುವ ಗಡಿಯಾರದಲ್ಲಿ 15 ಸೆಕೆಂಡ್ ಉಳಿಯುವ ತನಕ ಮಾತ್ರ, ಆಮೇಲೆ ಸಂಪರ್ಕ ಕಡಿದುಹೋಗುತ್ತದೆ. ಆ ಕೊನೆಯ ಹದಿನೈದು ಸೆಕೆಂಡ್‌ನಲ್ಲಿ ಎದುರಾಳಿ ತನ್ನ ವ್ಯೂಹ ಬದಲಿಸಿದರೆ ಮೈದಾನದಲ್ಲಿರುವ ಕೋಚ್ ಆ ಹಸಿರು ಚುಕ್ಕೆಯವನೇ.

1984ರಲ್ಲಿ ಅಲಬಾಮಾ ರಾಜ್ಯದ ಬೆಸೆಮರ್‌ನಲ್ಲಿ ಹುಟ್ಟಿದ ರಯನ್ಸ್ ಅದೇ ರಾಜ್ಯದ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿ, 2006ರಲ್ಲಿ, ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, ಒಟ್ಟಾರೆ 33ನೆಯ ಆಯ್ಕೆಯಾಗಿ ಹ್ಯೂಸ್ಟನ್‌ಗೆ ಬಂದರು. ಅದರ ಹಿಂದಿನ ವರ್ಷ 16 ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದಿದ್ದ ತಂಡ ಅದು. ಅಂಥ ತಂಡದಲ್ಲಿ ಮೊದಲ ವರ್ಷವೇ 150ಕ್ಕೂ ಹೆಚ್ಚು ಟ್ಯಾಕಲ್‌ಗಳನ್ನು (ಚೆಂಡು ಹಿಡಿದವನನ್ನು ಕೆಡವುವುದು) ಮಾಡಿ ಆ ಸಾಲಿನ ಶ್ರೇಷ್ಠ ಹೊಸ ರಕ್ಷಣಾ ಆಟಗಾರ ಪ್ರಶಸ್ತಿ ಪಡೆದರು. ಎರಡು ಬಾರಿ ಲೀಗ್‌ನ ತಾರೆಯರ ಪಂದ್ಯವಾದ ಪ್ರೊ ಬೌಲ್‌ಗೆ ಆಯ್ಕೆಯಾದರು. 2010ರಲ್ಲಿ ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು ಹರಿಯಿತು. ಮರುವರ್ಷ ಬಂದ ಹೊಸ ರಕ್ಷಣಾ ಸಂಯೋಜಕ (ರಕ್ಷಣಾ ವಿಭಾಗದ ಹೊಣೆ ಹೊತ್ತ ಕೋಚ್) ವೇಡ್ ಫಿಲಿಪ್ಸ್ ವ್ಯೂಹವನ್ನೇ ಬದಲಿಸಿದರು, ರಯನ್ಸ್ ಅವರ ಆಟದ ಹೊತ್ತು ಕಡಿಮೆಯಾಯಿತು. 2012ರಲ್ಲಿ ಫಿಲಡೆಲ್ಫಿಯಾ ಈಗಲ್ಸ್‌ಗೆ ಹೋಗಿ ಅಲ್ಲಿ ನಾಲ್ಕು ಋತು ಆಡಿದರು.

2014ರ ನವೆಂಬರ್ 2ರಂದು ಈಗಲ್ಸ್ ತಂಡ ಹ್ಯೂಸ್ಟನ್‌ಗೆ ಆಡಲು ಬಂದಾಗ, ಒಂದು ಕಾಲದಲ್ಲಿ ತಮ್ಮದೇ ಆಗಿದ್ದ ಅದೇ ಮೈದಾನದಲ್ಲಿ ಅವರ ಅಕಿಲಿಸ್ ಎರಡನೆಯ ಸಲ ಹರಿಯಿತು. ಆಗ ಅಲ್ಲಿ ಹುಲ್ಲನ್ನು ಟ್ರೇಗಳಲ್ಲಿ ಬೆಳೆಸಿ ತಂದು ಒಂದರ ಪಕ್ಕ ಒಂದು ಜೋಡಿಸುತ್ತಿದ್ದರು. ಆ ನೆಲ ಆಟಕ್ಕೆ ಸುರಕ್ಷಿತವಾಗಿರಲಿಲ್ಲ ಎಂದು ರಯನ್ಸ್ 2016ರಲ್ಲಿ ಟೆಕ್ಸನ್ಸ್ ತಂಡ, ಎನ್‌ಎಫ್‌ಎಲ್ ಮತ್ತಿತರರ ಮೇಲೆ ದಾವೆ ಹೂಡಿದರು. ಅಷ್ಟರಲ್ಲಿ ಮೈದಾನಕ್ಕೆ ಕೃತಕ ಹುಲ್ಲು ಬಂದಿತ್ತು. ಯಾರ ಮೇಲೆ ದಾವೆ ಹೂಡಿದ್ದರೋ ಅವರೇ ಏಳು ವರ್ಷಗಳ ನಂತರ ಕರೆದು ಆರು ವರ್ಷದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು ಎನ್ನುವುದು ನನಗೆ ಈಗಲೂ ಸೋಜಿಗ. ಇದರಲ್ಲಿ ಎರಡೂ ಕಡೆಯವರ ಬುದ್ಧಿವಂತಿಕೆ ಇದೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. 2016ರ ಫೆಬ್ರವರಿಯಲ್ಲಿ ಈಗಲ್ಸ್ ಅವರನ್ನು ಕೈಬಿಟ್ಟಿತು. ಹತ್ತು ಋತು ಆಡಿ ಮುಗಿಸಿದ, ಹೆಸರೂ ಹಣವೂ ಇದ್ದ ಆಟಗಾರ ಟಿವಿ ಸ್ಟುಡಿಯೊದಲ್ಲಿ ಸೂಟು ಹಾಕಿಕೊಂಡು ಕೂರಬಹುದಿತ್ತು. ರಯನ್ಸ್ 2017ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡದ ‘ಕ್ವಾಲಿಟಿ ಕಂಟ್ರೋಲ್’ ಕೋಚ್ ಆಗಿ ಸೇರಿಕೊಂಡರು. ಹೆಸರು ಕೇಳಿ ಮೋಸಹೋಗಬೇಡಿ. ಕೋಚ್‌ಗಳ ಏಣಿಯಲ್ಲಿ ಅದು ಕೆಳಗಿನ ಮೆಟ್ಟಿಲು. ಮುಂದಿನ ಎದುರಾಳಿಯ ಹಳೆಯ ಪಂದ್ಯಗಳ ವಿಡಿಯೊವನ್ನು ಒಂದೊಂದು ಆಟವಾಗಿ ತುಂಡರಿಸಿ ವಿಂಗಡಿಸುವುದು, ಹತ್ತು ಗಜ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದರಲ್ಲಿ ಇಷ್ಟು ಗಜ ಉಳಿದಾಗ ಅವರು ಹೇಗೆ ನಿಲ್ಲುತ್ತಾರೆ, ಎಷ್ಟು ಸಲ ಓಡುತ್ತಾರೆ, ಎಷ್ಟು ಸಲ ಎಸೆಯುತ್ತಾರೆ ಎಂದು ಪಟ್ಟಿ ಮಾಡುವುದು, ಅಭ್ಯಾಸದ ಹೊತ್ತಿಗೆ ಎದುರಾಳಿಯ ವ್ಯೂಹಗಳನ್ನು ರಟ್ಟಿನ ಮೇಲೆ ಬರೆದು ತೋರಿಸುವುದು ಇವೆಲ್ಲ ಆ ಹುದ್ದೆಯ ಕೆಲಸ. ನಸುಕಿನಲ್ಲಿ ಬಂದು ರಾತ್ರಿ ಹೋಗುವ, ಕಣ್ಣು ಕೆಂಪಾಗುವ ಚಾಕರಿ.

ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಆಗ ಅಲ್ಲಿ ರಕ್ಷಣಾ ಸಂಯೋಜಕರಾಗಿದ್ದವರು ರಾಬರ್ಟ್ ಸಾಲೆ. ರಯನ್ಸ್ ಹ್ಯೂಸ್ಟನ್‌ನಲ್ಲಿ ತಾರೆಯಾಗಿ ಮೆರೆಯುತ್ತಿದ್ದಾಗ ಇದೇ ಸಾಲೆ ಅಲ್ಲಿ ಇದೇ ಕ್ವಾಲಿಟಿ ಕಂಟ್ರೋಲ್ ಕೆಲಸ ಮಾಡುತ್ತಿದ್ದರು, ಆಮೇಲೆ ಲೈನ್‌ಬ್ಯಾಕರ್‌ಗಳ ಸಹಾಯಕ ಕೋಚ್ ಆಗಿದ್ದರು. ಮುಖ್ಯ ಕೋಚ್ ಕೈಲ್ ಶಾನಹನ್ ಕೂಡ ಆ ದಿನಗಳಲ್ಲಿ ಹ್ಯೂಸ್ಟನ್‌ನ ಆಕ್ರಮಣ ವಿಭಾಗದಲ್ಲಿದ್ದವರು. ಅಂದರೆ, ಒಂದು ಕಾಲಕ್ಕೆ ತನಗಾಗಿ ವಿಡಿಯೊ ಜೋಡಿಸಿಕೊಡುತ್ತಿದ್ದವರ ಕೈಕೆಳಗೆ, ಅವರು ಬಿಟ್ಟುಬಂದ ಕುರ್ಚಿಯಂಥದ್ದೇ ಕುರ್ಚಿಯಲ್ಲಿ ರಯನ್ಸ್ ಕೂತರು. ಹೆಸರು ಮಾಡಿದ ಎಷ್ಟು ಆಟಗಾರರಿಗೆ ಇದು ಸಾಧ್ಯ? ಹಳೆಯ ಪರಿಚಯದಿಂದ ಕೆಲಸ ಸಿಕ್ಕಿತು ಎಂದು ಕೆಲವರು ಮೂಗು ಮುರಿಯುತ್ತಾರೆ. ಪರಿಚಯದಿಂದ ಬಾಗಿಲು ತೆರೆದಿರಬಹುದು, ಒಳಗೆ ಸಿಕ್ಕಿದ್ದು ಕೆಳಗಿನ ಮೇಜು ತಾನೆ?

2018ರಲ್ಲಿ ಅವರಿಗೆ ಒಳ ಲೈನ್‌ಬ್ಯಾಕರ್‌ಗಳ ಹೊಣೆ ಬಂತು. ಅದೇ ವರ್ಷ ಮೂರನೆಯ ಸುತ್ತಿನಲ್ಲಿ ಆಯ್ಕೆಯಾಗಿ ಬಂದ ಫ್ರೆಡ್ ವಾರ್ನರ್ ಕಾಲೇಜಿನಲ್ಲಿ ಮೈದಾನದ ಅಂಚಿನ ಕಡೆ ಆಡುತ್ತಿದ್ದ ಹುಡುಗ. ಅವನನ್ನು ತಂದು ನಡುವೆ ನಿಲ್ಲಿಸಿದರು. 2020ರ ಹೊತ್ತಿಗೆ ಆತ ಆ ಸ್ಥಾನಕ್ಕೆ ಇಡೀ ಲೀಗ್‌ನ ವರ್ಷದ ಶ್ರೇಷ್ಠರ ಪಟ್ಟಿಯಾದ ಆಲ್-ಪ್ರೊದ ಮೊದಲ ತಂಡದಲ್ಲಿದ್ದ. 2021ರಲ್ಲಿ ಸಾಲೆ ನ್ಯೂಯಾರ್ಕ್ ಜೆಟ್ಸ್‌ನ ಮುಖ್ಯ ಕೋಚ್ ಆಗಿ ಹೋದಾಗ ರಯನ್ಸ್ ಸಂಯೋಜಕರಾದರು. ಮರುವರ್ಷ ಅವರ ರಕ್ಷಣಾ ತಂಡ ಲೀಗ್‌ನಲ್ಲೇ ಅತಿ ಕಡಿಮೆ ಅಂಕ, ಅತಿ ಕಡಿಮೆ ಗಜ ಬಿಟ್ಟುಕೊಟ್ಟ ತಂಡವಾಯಿತು. ಈ ನಡುವೆ, 2022ರ ಆರಂಭದಲ್ಲಿ ಮಿನ್ನೆಸೋಟಾ ವೈಕಿಂಗ್ಸ್ ಮುಖ್ಯ ಕೋಚ್ ಹುದ್ದೆಗೆ ಅವರನ್ನು ಪರಿಗಣಿಸುತ್ತಿದ್ದಾಗ ಅವರೇ ಹಿಂದೆ ಸರಿದಿದ್ದರು. ಸಂಯೋಜಕರಾಗಿ ಒಂದೇ ವರ್ಷವಾಗಿತ್ತು. ಕೈಗೆ ಬಂದ ತುತ್ತನ್ನು ಪಕ್ಕಕ್ಕಿಟ್ಟು ಇನ್ನೊಂದು ವರ್ಷ ಕಲಿಯುವವರನ್ನು ‘ಕಿಚ್ಚಿನ ಮನುಷ್ಯ’ ಎಂದಷ್ಟೇ ಕರೆದರೆ ಸಾಲದು.

ಲೈನ್‌ಬ್ಯಾಕರ್ ಆಗಿದ್ದರೆ ಸಾಕು, ಕೋಚ್ ಆಗಬಹುದು ಎನ್ನುವವರಿಗೆ ನಾನು ಮೈಕ್ ಸಿಂಗಲ್ಟರಿ ಅವರನ್ನು ನೆನಪಿಸುತ್ತೇನೆ. 1985ರ ಶಿಕಾಗೊ ಬೇರ್ಸ್‌ನ ನಡುಗಂಬ, ಹಾಲ್ ಆಫ್ ಫೇಮ್ ಸೇರಿದವರು, ಆಟಗಾರರಾಗಿ ರಯನ್ಸ್‌ಗಿಂತ ಎಷ್ಟೋ ದೊಡ್ಡವರು. ಅವರೂ ಕೆಲವು ವರ್ಷ ಲೈನ್‌ಬ್ಯಾಕರ್‌ಗಳಿಗೆ ಕೋಚ್ ಆಗಿದ್ದರು, ಆದರೆ ಇಡೀ ರಕ್ಷಣೆಯ ಯೋಜನೆ ಹೆಣೆಯುವ ಸಂಯೋಜಕನ ಹುದ್ದೆಯಲ್ಲಿ ಎಂದೂ ಇರಲಿಲ್ಲ. 2008ರಲ್ಲಿ ಇದೇ ಫಾರ್ಟಿನೈನರ್ಸ್‌ನ ಚುಕ್ಕಾಣಿ ಹಿಡಿದ ಮೊದಲ ಪಂದ್ಯದಲ್ಲೇ ಶಿಸ್ತು ಮೀರಿದ ಆಟಗಾರನೊಬ್ಬನನ್ನು ಮೈದಾನದಿಂದ ಒಳಗೆ ಕಳಿಸಿ ಸುದ್ದಿಯಾದರು. ಕಿಚ್ಚಿಗೇನೂ ಕೊರತೆಯಿರಲಿಲ್ಲ. ಫಲಿತಾಂಶ: 18 ಗೆಲುವು, 22 ಸೋಲು.

2023ರ ಜನವರಿ 31ರಂದು ರಯನ್ಸ್ ಹ್ಯೂಸ್ಟನ್‌ಗೆ ಮರಳಿದಾಗ ಇಲ್ಲಿನ ಸ್ಥಿತಿ ಹೇಳಿಕೊಳ್ಳುವಂತಿರಲಿಲ್ಲ. ಹಿಂದಿನ ಮೂರು ಋತುಗಳಲ್ಲಿ ಒಟ್ಟು 11 ಗೆಲುವು, ಸತತ ಎರಡು ವರ್ಷ ಒಂದೊಂದೇ ಋತುವಿಗೆ ಮುಖ್ಯ ಕೋಚ್ ಬದಲಾವಣೆ. ಮೊದಲ ವರ್ಷವೇ 10 ಗೆಲುವು, 7 ಸೋಲು ಸಾಧಿಸಿ, ಋತುವಿನ ಕೊನೆಯ ನಾಕೌಟ್ ಹಂತವಾದ ಪ್ಲೇಆಫ್‌ನಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡವನ್ನು 45-14ರಿಂದ ಮಣಿಸಿದರು. ಅವರ ಕ್ವಾರ್ಟರ್‌ಬ್ಯಾಕ್ (ಆಕ್ರಮಣ ನಡೆಸಿ ಚೆಂಡು ಎಸೆಯುವವನು) ಸಿ.ಜೆ. ಸ್ಟ್ರೌಡ್ ಮತ್ತು ರಕ್ಷಣೆಯ ವಿಲ್ ಆಂಡರ್ಸನ್ ಇಬ್ಬರೂ ತಂತಮ್ಮ ವಿಭಾಗದಲ್ಲಿ ಆ ವರ್ಷದ ಶ್ರೇಷ್ಠ ಹೊಸ ಆಟಗಾರರಾದರು; ಆಂಡರ್ಸನ್ ಪಡೆದದ್ದು 2006ರಲ್ಲಿ ರಯನ್ಸ್ ಪಡೆದಿದ್ದ ಪ್ರಶಸ್ತಿಯೇ. ವರ್ಷದ ಕೋಚ್ ಪ್ರಶಸ್ತಿಯ ಮತದಾನದಲ್ಲಿ ಅಂಕಗಳು ಸಮವಾದವು. ಮೊದಲ ಸ್ಥಾನದ ಒಂದೇ ಒಂದು ಮತ ಹೆಚ್ಚಿದ್ದರಿಂದ ಅದು ಬ್ರೌನ್ಸ್‌ನ ಕೆವಿನ್ ಸ್ಟೆಫಾನ್ಸ್ಕಿ ಪಾಲಾಯಿತು. ನಿಯಮಿತ ಋತುವನ್ನಷ್ಟೇ ಲೆಕ್ಕಕ್ಕೆ ಹಿಡಿಯುವ ಪ್ರಶಸ್ತಿಯಾದ್ದರಿಂದ ಆ 45-14 ಅದರಲ್ಲಿ ಬರುವುದಿಲ್ಲ, ಗೊತ್ತು. ಆದರೂ ಹೊಟ್ಟೆ ಉರಿಯಿತು.

ಅಭಿಮಾನದಲ್ಲಿ ಕಣ್ಣು ಮುಚ್ಚಿಕೊಂಡಿದ್ದೇನೆ ಎಂದುಕೊಳ್ಳಬೇಡಿ. 2024ರ ಡಿಸೆಂಬರ್ 1ರಂದು ನಮ್ಮ ಲೈನ್‌ಬ್ಯಾಕರ್ ಅಜೀಜ್ ಅಲ್-ಶಾಯಿರ್, ಓಟ ನಿಲ್ಲಿಸಲು ನೆಲಕ್ಕೆ ಜಾರುತ್ತಿದ್ದ (ಹಾಗೆ ಜಾರಿದವನಿಗೆ ಹೊಡೆಯುವಂತಿಲ್ಲ) ಜಾಕ್ಸನ್‌ವಿಲ್‌ನ ಕ್ವಾರ್ಟರ್‌ಬ್ಯಾಕ್ ಟ್ರೆವರ್ ಲಾರೆನ್ಸ್‌ಗೆ ಢಿಕ್ಕಿ ಹೊಡೆದು ಮೂರು ಪಂದ್ಯಗಳ ಅಮಾನತಿಗೆ ಒಳಗಾದಾಗ, ರಯನ್ಸ್ ತಮ್ಮ ಹುಡುಗನ ಬೆನ್ನಿಗೆ ನಿಂತರು, ಕ್ವಾರ್ಟರ್‌ಬ್ಯಾಕ್‌ಗಳು ತಡವಾಗಿ ಜಾರುವುದನ್ನೂ ದೂರಿದರು. ಬೆನ್ನಿಗೆ ನಿಂತದ್ದು ಸರಿ, ಆದರೆ ಪೆಟ್ಟು ತಿಂದು ಮೈದಾನದಲ್ಲಿ ಬಿದ್ದವನ ಮೇಲೆಯೇ ಹೊಣೆ ಹೊರಿಸಿದಂತೆ ಕೇಳಿಸಿದ ಆ ಮಾತು ಎರಡು ಸಲ ಅಕಿಲಿಸ್ ಹರಿದುಕೊಂಡವರ ಬಾಯಿಂದ ಬರಬಾರದಿತ್ತು.

ಇನ್ನೊಂದು ಕೊರತೆ ಆಟದ್ದು. ಅವರ ರಕ್ಷಣಾ ತಂಡ ವರ್ಷದಿಂದ ವರ್ಷಕ್ಕೆ ಹದಗೊಂಡಿದೆ, ಆಕ್ರಮಣ ಮಾತ್ರ ಅದರ ಜೊತೆ ಹೆಜ್ಜೆ ಹಾಕುತ್ತಿಲ್ಲ. 2024ರಲ್ಲಿ ಸ್ಟ್ರೌಡ್ ಅವರನ್ನು ಎದುರಾಳಿಗಳು 52 ಸಲ ಕೆಡವಿದರು. ಕ್ವಾರ್ಟರ್‌ಬ್ಯಾಕ್‌ನ ಮುಂದಿನ ಗೋಡೆ ಅಷ್ಟು ಟೊಳ್ಳಾಗಿದ್ದರೆ ಎಂಥ ಪ್ರತಿಭೆಯೂ ಬೆದರುತ್ತದೆ. ತಾವೇ ಸ್ಯಾನ್ ಫ್ರಾನ್ಸಿಸ್ಕೊದಿಂದ ಕರೆತಂದಿದ್ದ ಆಕ್ರಮಣ ಸಂಯೋಜಕ ಬಾಬಿ ಸ್ಲೋವಿಕ್ ಅವರನ್ನು ಆ ಋತು ಮುಗಿದ ಮೇಲೆ ಕೈಬಿಟ್ಟರು. ಆದರೂ 2025ರ ಋತುವಿನ ಮೊದಲ ಮೂರು ಪಂದ್ಯಗಳನ್ನು ಸೋತದ್ದು ಅಂಕ ಗಳಿಸಲಾಗದೆಯೇ. ಮೂರರಲ್ಲಿ ಒಂದರಲ್ಲೂ ತಂಡ 20ರ ಗಡಿ ದಾಟಲಿಲ್ಲ. ಎದುರಾಳಿಯ ಗೋಡೆಯಲ್ಲಿ ಬಿರುಕು ಹುಡುಕುವುದನ್ನೇ ಜೀವಮಾನವಿಡೀ ಕಲಿತವರು ಅದೇ ಕಣ್ಣಿನಿಂದ ತಮ್ಮ ಗೋಡೆಯನ್ನು ಯಾವಾಗ ನೋಡುತ್ತಾರೆ ಎಂದು ಆ ಮೂರು ಪಂದ್ಯಗಳ ದಿನ ನಾನು ಟಿವಿಯ ಮುಂದೆ ಕೂತು ಗೊಣಗಿದ್ದು ಮನೆಯವರಿಗೆಲ್ಲ ಕೇಳಿಸಿದೆ.