ಫ್ರೆಶ್ ಉಂಟು ಸರ್!

ಶಿರಾಡಿ ಘಾಟಿಯಲ್ಲಿ ನಮ್ಮ ಕಾರಿನ ಮುಂದೆ ಒಂದು ಮೀನಿನ ಲಾರಿ ಸಿಕ್ಕಿತು. ತಮಿಳುನಾಡು ನಂಬರ್. ಹಿಂಬಾಗಿಲಿನ ಸಂದಿಯಿಂದ ಐಸ್ ನೀರು ರಸ್ತೆಗೆ ಸೋರುತ್ತಿತ್ತು. ತಿರುವಿನ ಮೇಲೆ ತಿರುವು, ಮೇಲೆ ಮಳೆ, ಓವರ್‌ಟೇಕ್ ಮಾತೇ ಇಲ್ಲ. ಇಪ್ಪತ್ತು ನಿಮಿಷ ಅದರ ಹಿಂದೆಯೇ ತೆವಳಿದೆವು. ನನ್ನ ಭಾಮೈದ ಮೂಗಿಗೆ ಕರ್ಚೀಫ್ ಒತ್ತಿಕೊಂಡು, 'ಥೂ, ಇದನ್ನ ಯಾರು ತಿಂತಾರೆ ಭಾವ!' ಎಂದ. ಅವನು ಬೆಂಗಳೂರಿನಿಂದ ನಾನೂರು ಕಿಲೋಮೀಟರ್ ದೂರದ ಮಲ್ಪೆಗೆ ಹೊರಟಿದ್ದೇ ಫ್ರೆಶ್ ಮೀನು ತಿನ್ನಲು.

ಆಗ ಜುಲೈ ಎರಡನೇ ವಾರ. ತಿಂಗಳು ನೆನಪಿಟ್ಟುಕೊಳ್ಳಿ.

ಬಲೆ ಹಾಕುವುದು ಮೀನಿಗೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಮಳೆಗಾಲದ ಮಲ್ಪೆ ಬೀಚಿನಲ್ಲಿ ಬಲೆ ಕಟ್ಟುವುದು ಪ್ರವಾಸಿಗರಿಗೆ. ಮರಳಿನ ಉದ್ದಕ್ಕೂ ಬಲೆ, ಅದರ ಮೇಲೆ ಕೆಂಪು ಬಾವುಟ. ಆಚೆ ಕಡೆ ಕಡಲು ಕೆಸರು ಬಣ್ಣದಲ್ಲಿ ಬೊಬ್ಬೆ ಹೊಡೆಯುತ್ತಿತ್ತು. ಈಚೆ ಕಡೆ ನಮ್ಮವರು. ಒಬ್ಬರು ಬಾವುಟ ಹಿಡಿದು ಫೋಟೋಗೆ ನಿಂತರು, ಇನ್ನೊಬ್ಬರು 'ನೀರಿಗೆ ಇಳಿಯಬೇಡಿ' ಬೋರ್ಡಿಗೆ ಒರಗಿಕೊಂಡರು. ಲೈಫ್‌ಗಾರ್ಡ್ ಸೀಟಿ ಊದಿ ಊದಿ ಸುಸ್ತಾಗಿದ್ದ. ಒಬ್ಬಾಕೆ ಅವನ ಬಳಿಯೇ ಬಂದು, 'ಅಣ್ಣಾ, ಹಿಂದೆ ದೊಡ್ಡ ಅಲೆ ಬಂದಾಗ ಕ್ಲಿಕ್ ಮಾಡ್ತೀರಾ?' ಎಂದು ಮೊಬೈಲ್ ಕೊಟ್ಟಳು.

ಸೇಂಟ್ ಮೇರೀಸ್ ದ್ವೀಪಕ್ಕೂ ಈ ದಿನಗಳಲ್ಲಿ ಬೋಟಿಲ್ಲ. ಕೋಟಿಗಟ್ಟಲೆ ವರ್ಷ ಹಳೆಯ ಕಲ್ಲಿನ ಕಂಬಗಳು ಸೆಲ್ಫಿ ಕಾಟವಿಲ್ಲದೆ ನಾಲ್ಕು ತಿಂಗಳು ಹಾಯಾಗಿರಲಿ ಬಿಡಿ. ನಮಗೆ ಬೇಜಾರಾದರೆ ವೈಫೈ ಇತ್ತಲ್ಲ! ದೇಶದಲ್ಲೇ ಮೊದಲು ಅಂತ 2016ರಲ್ಲಿ ಈ ಬೀಚಿಗೆ ದಿನದ 24 ಗಂಟೆ ಉಚಿತ ವೈಫೈ ಹಾಕಿಸಿದ್ದರು. ಕಡಲ ದಡದಲ್ಲಿ ಕೂತು ಬೇರೆಯವರ ಕಡಲಿನ ವಿಡಿಯೋ ನೋಡುವುದಕ್ಕೆ. 2022ರ ಮೇ ತಿಂಗಳಲ್ಲಿ ತೇಲುವ ಸೇತುವೆಯೂ ಬಂತು. ಉದ್ಘಾಟನೆಯಾದ ಕೆಲವೇ ದಿನಕ್ಕೆ ಅಲೆಗಳು ಬಂದು ಅದನ್ನು ಕಿತ್ತು ಹಾಕಿದವು. ಟೇಪ್ ಕತ್ತರಿಸುವವರು ಕಡಲನ್ನು ಒಂದು ಮಾತು ಕೇಳಬೇಕಿತ್ತು.

ಊಟಕ್ಕೆ ಮೊದಲು ಬಂದರಿಗೆ ಹೋದೆವು. ಬೋಟಿಗೆ ಬೋಟು ಅಂಟಿಸಿ ನಿಲ್ಲಿಸಿದ್ದರು. ಒಂದರ ಮೇಲಿಂದ ಒಂದಕ್ಕೆ ಕಾಲಿಟ್ಟು ಆಚೆ ದಡಕ್ಕೇ ಹೋಗಬಹುದೇನೋ ಅನ್ನಿಸುವಷ್ಟು. ಶೆಡ್ಡಿನಲ್ಲಿ ಕಾಲು ಚಾಚಿ ಕೂತು ಬಲೆ ಹೊಲಿಯುತ್ತಿದ್ದ ಹಿರಿಯರೊಬ್ಬರು ನಮ್ಮನ್ನು ನೋಡಿ ನಕ್ಕರು.

'ಎಂತ ನೋಡ್ಲಿಕ್ಕೆ ಬಂದದ್ದು ಮಾರಾಯ್ರೆ? ಈಗ ಇಲ್ಲಿ ಎಂತದ್ದೂ ಇಲ್ಲ.'

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ನಮ್ಮ ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮರಿ ಮಾಡುವ ಸಮಯ. ಕಡಲು ಸ್ವಲ್ಪ ಶಾಂತವಾದ ದಿನ ನಾಡದೋಣಿಗಳು ಹೋಗಿ ಒಂದಿಷ್ಟು ತರುತ್ತವೆ. ಅದು ಊರಿನವರಿಗೇ ಸಾಲುವುದಿಲ್ಲ.

'ಮತ್ತೆ ಹೋಟೆಲಿನಲ್ಲಿ ಅಷ್ಟೊಂದು ಮೀನು?' ಎಂದೆ.

'ಅದು ಘಟ್ಟದ ಮೇಲಿಂದ ಬರ್ತದೆ' ಎಂದರು, ಸೂಜಿಯಿಂದ ಕಣ್ಣು ತೆಗೆಯದೆ.

ಘಟ್ಟದ ಮೇಲಿಂದ ರಾಗಿ ಬರುತ್ತದೆ, ಟೊಮೆಟೊ ಬರುತ್ತದೆ, ನಾವೂ ಬರುತ್ತೇವೆ. ಬಂಗುಡೆ ಬರುವುದನ್ನು ನಾನು ಕೇಳಿರಲಿಲ್ಲ. ಅವರೇ ಬಿಡಿಸಿ ಹೇಳಿದರು. ಪೂರ್ವ ಕರಾವಳಿಯಲ್ಲಿ ರಜೆ ಏಪ್ರಿಲ್ 15ರಿಂದ ಜೂನ್ 14ರವರೆಗೆ. ನಮ್ಮ ಬೋಟು ದಡ ಸೇರಿದ ಎರಡು ವಾರಕ್ಕೆ ಅವರದ್ದು ನೀರಿಗೆ ಇಳಿಯುತ್ತದೆ. ಅಲ್ಲಿ ಹಿಡಿದ ಮೀನು ಐಸಿನಲ್ಲಿ ಮಲಗಿ, ಇಡೀ ದಕ್ಷಿಣ ಭಾರತ ದಾಟಿ, ಅರಬ್ಬೀ ಸಮುದ್ರ ನೋಡಲು ಬರುತ್ತದೆ. ನಮಗಿಂತ ಜಾಸ್ತಿ ಪ್ರಯಾಣ ಮಾಡಿದ ಪ್ರವಾಸಿ ಅದು.

ಭಾಮೈದ ಒಪ್ಪಲಿಲ್ಲ. 'ಸುಮ್ನಿರಿ ಭಾವ, ಸಮುದ್ರದ ಪಕ್ಕ ಇದ್ದು ಯಾರಾದ್ರೂ ಹೊರಗಿಂದ ಮೀನು ತರಿಸ್ತಾರಾ?' ಎಂದು ಹೋಟೆಲಿಗೆ ನುಗ್ಗಿದ. ಪರಿಚಾರಕನನ್ನು ನಿಲ್ಲಿಸಿಕೊಂಡು, 'ಅಂಜಲ್ ಫ್ರೆಶ್ ಇದೆಯಾ?' ಎಂದು ಪೊಲೀಸ್ ಧಾಟಿಯಲ್ಲಿ ವಿಚಾರಿಸಿದ.

'ಫ್ರೆಶ್ ಉಂಟು ಸರ್. ಈಗ ಬಂದದ್ದಷ್ಟೇ.'

ಹುಡುಗ ಒಂದಕ್ಷರ ಸುಳ್ಳು ಹೇಳಲಿಲ್ಲ. ಎಲ್ಲಿಂದ ಬಂತು ಅಂತ ಯಾರೂ ಕೇಳಲೂ ಇಲ್ಲ.

ತವಾ ಫ್ರೈ ಬಂತು. ಕೆಂಪು ಮಸಾಲೆ, ಅಂಚು ಗರಿಗರಿ, ಮೇಲೊಂದು ನಿಂಬೆ ಹೋಳು. ರುಚಿಯಾಗಿತ್ತು, ಸುಳ್ಳು ಯಾಕೆ ಹೇಳಲಿ? ಭಾಮೈದ ಮೊದಲು ಫೋಟೋ ತೆಗೆದ, ಆಮೇಲೆ ತಿಂದ. 'ಕಡಲಿನಿಂದ ನೇರ ತಟ್ಟೆಗೆ' ಅಂತ ಬರೆದು ಸ್ಟೇಟಸ್ ಹಾಕಿದ. 'ಬೆಂಗಳೂರಲ್ಲಿ ಸಿಗೋ ಮೀನೆಲ್ಲ ಐಸಲ್ಲಿ ಇಟ್ಟಿದ್ದು ಭಾವ. ನಾಲಿಗೆಗೆ ಗೊತ್ತಾಗಲ್ವಾ?' ಎಂದ.

ನಾನು ಕೈ ತೊಳೆಯಲು ಹಿಂದುಗಡೆ ಹೋದೆ. ಅಡುಗೆಮನೆಯ ಬಾಗಿಲಿಗೆ ಒಂದು ಲಾರಿ ನಿಂತಿತ್ತು. ಇಬ್ಬರು ಹುಡುಗರು ಥರ್ಮಾಕೋಲ್ ಡಬ್ಬ ಇಳಿಸುತ್ತಿದ್ದರು. ಹಿಂಬಾಗಿಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನಂಬರ್ ಓದುವ ಅಗತ್ಯವೇ ಬೀಳಲಿಲ್ಲ, ಘಾಟಿಯಲ್ಲಿ ಬಾಯಿಪಾಠವಾಗಿತ್ತಲ್ಲ. ಒಂದು ಸಲಾಂ ಹೊಡೆದು ಒಳಗೆ ಬಂದೆ.

ಭಾಮೈದ ಕರ್ಚೀಫ್ ಹೊರಗೆ ತೆಗೆದಿದ್ದ. 'ಎಲ್ಲಿಂದಲೋ ನಾತ ಬರ್ತಿದೆ ಭಾವ, ಆ ಹಿಂದಿನ ಬಾಗಿಲು ಹಾಕೋಕೆ ಹೇಳಿ. ಹಾಗೇ ಇನ್ನೊಂದು ಪ್ಲೇಟ್ ಅಂಜಲ್ ಹೇಳ್ಬಿಡಿ.'