ಕೋಡಿ ಹಳ್ಳದ ಮೇಲೆ ಬೆಂಚು ಬರೆದಿದ್ದೆ

ಬೆಂಗಳೂರಿನ ಅಂಚಿನಲ್ಲಿ ಒಂದು ಸಣ್ಣ ಕೆರೆ. ಅದರ ಸುತ್ತ ಓಡಾಡಲು ದಾರಿ, ಕೂರಲು ಒಂದಷ್ಟು ಬೆಂಚು, ಮಕ್ಕಳಿಗೆ ಆಡಲು ಸ್ವಲ್ಪ ಜಾಗ. ಇಷ್ಟಕ್ಕೆ ಡಿಸೈನ್ ಮಾಡಿಕೊಡಿ ಅಂತ ಅಕ್ಕಪಕ್ಕದ ನಿವಾಸಿಗಳು ಕೇಳಿದ್ದರು. ನಾನು ಮೊದಲು ಗೂಗಲ್ ಮ್ಯಾಪ್ ತೆಗೆದೆ. ಏರಿಯ, ಅಂದರೆ ಕೆರೆಯ ಕಟ್ಟೆಯ, ಒಂದು ತುದಿಗೆ ತಗ್ಗಾದ, ಹಸಿರಾದ, ಖಾಲಿ ಜಾಗ ಕಂಡಿತು. ಬೆಂಚುಗಳಿಗೆ ಹೇಳಿ ಮಾಡಿಸಿದ ಹಾಗಿದೆ ಅನ್ನಿಸಿತು. ಎರಡೇ ದಿನದಲ್ಲಿ ಡ್ರಾಯಿಂಗ್ ಮುಗಿಸಿದೆ.

ಪ್ರಿಂಟ್ ಹಿಡಿದು ಕೆರೆಗೆ ಹೋದಾಗ ಏರಿ ಮೇಲೆ ಹಸು ಮೇಯಿಸುತ್ತಿದ್ದ ತಾತ ಒಬ್ಬರು ಸಿಕ್ಕರು. ಅಲ್ಲಿ ಬೆಂಚು ಬರುತ್ತೆ ತಾತ, ಅಂತ ತೋರಿಸಿದೆ. ಅವರು ನನ್ನ ಹಾಳೆಯನ್ನು ನೋಡಲೇ ಇಲ್ಲ, ಜಾಗವನ್ನೇ ನೋಡಿದರು. "ಅದು ಕೋಡಿ ಹಳ್ಳ ಕಣವ್ವ. ಕೆರೆ ತುಂಬಿದ್ರೆ ನೀರು ಹೋಗೋದೇ ಅಲ್ಲಿ" ಅಂದರು.

ಕೆರೆ ತುಂಬಿ ಎಷ್ಟೋ ವರ್ಷವಾಗಿತ್ತು. ಹಾಗಾಗಿ ಹಳ್ಳದಲ್ಲಿ ಹುಲ್ಲು ಬೆಳೆದಿತ್ತು. ಆಕಾಶದಿಂದ ತೆಗೆದ ಫೋಟೋದಲ್ಲಿ ಅದು ಹುಲ್ಲು ಅಷ್ಟೇ.

ಇದು ಸಣ್ಣ ತಪ್ಪಲ್ಲ. ಬೆಂಗಳೂರು ಇರುವುದು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆ ಮೇಲೆ. ದೊಡ್ಡ ಹೊಳೆಯಿಲ್ಲ. ಅದಕ್ಕೇ ಹಿಂದಿನವರು ಬಿದ್ದ ಮಳೆಯನ್ನು ಹಿಡಿಯಲು ಕೆರೆಗಳ ಸರಮಾಲೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕಾಲುವೆಯಲ್ಲಿ ಕೆಳಗಿನ ಕೆರೆಗೆ. ಅದು ತುಂಬಿದರೆ ಮುಂದಿನದಕ್ಕೆ. ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ, ಈ ಮೂರೂ ಕಣಿವೆಗಳಲ್ಲಿ ನೀರು ಇಳಿಯುವುದು ಹೀಗೇ. ಮಧ್ಯೆ ಒಂದು ಕಡೆ ದಾರಿ ಮುಚ್ಚಿದರೆ ನೀರು ತನ್ನ ದಾರಿ ತಾನೇ ಹುಡುಕಿಕೊಳ್ಳುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆಯ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದು ನೆನಪಿದೆ ಅಲ್ವಾ?

ಮರುದಿನ ಗ್ರಾಮ ನಕ್ಷೆ ತೆಗೆದು ನೋಡಿದೆ. ನನ್ನ ಬೆಂಚುಗಳ ಮಧ್ಯದಲ್ಲೇ ಹಳ್ಳದ ಗೆರೆ ಹಾದು ಹೋಗಿತ್ತು. ಕೆಳಗಿನ ಜಮೀನುಗಳ ಪಹಣಿಯಲ್ಲಿ ಅದೇ ಹಳ್ಳ ಬಿ ಖರಾಬು, ಅಂದರೆ ಸಾರ್ವಜನಿಕರಿಗೆ ಬಿಟ್ಟ ಜಾಗ. ಕಾಗದವೂ ತಾತನ ಮಾತನ್ನೇ ಹೇಳುತ್ತಿತ್ತು. ನಾನು ಎರಡನ್ನೂ ಕೇಳಿರಲಿಲ್ಲ.

ಕೆರೆ ಬಗ್ಗೆ ಹಿಂದಿನವರು ಏನು ಬರೆದಿಟ್ಟಿದ್ದಾರೆ ಅಂತ ನೋಡಲು ಅಲ್ಲಿಂದ ಶುರುವಾಯಿತು ಲೈಬ್ರರಿ ಓಡಾಟ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಸ್ಟೇಟ್ ಸೆಂಟ್ರಲ್ ಲೈಬ್ರರಿ, 1909ರಲ್ಲಿ ಶುರುವಾಗಿ ಈಗ ನೃಪತುಂಗ ರಸ್ತೆಯಲ್ಲಿರುವ ಇತಿಹಾಸ ಸಂಶೋಧನಾ ಸಂಸ್ಥೆ ಮಿಥಿಕ್ ಸೊಸೈಟಿ. ನಾನು ಹುಡುಕುತ್ತಿದ್ದದ್ದು ಹಳೇ ಮೈಸೂರಿನ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಅವರ ಶಾಸನ ಸಂಪುಟಗಳು, ಎಪಿಗ್ರಾಫಿಯಾ ಕರ್ನಾಟಿಕಾ, ಅದರ ಒಂಬತ್ತನೇ ಸಂಪುಟ. 1905ರದ್ದು, ಬೆಂಗಳೂರು ಜಿಲ್ಲೆಯ ಶಾಸನಗಳು. ಆಗಿನ ಜಿಲ್ಲೆ ಇವತ್ತಿನದ್ದಲ್ಲ, ಮಾಗಡಿ, ಚನ್ನಪಟ್ಟಣ ಕೂಡ ಅದರಲ್ಲೇ ಇವೆ. ಶಾಸನಗಳಿಗೆ ತಾಲ್ಲೂಕುವಾರು ನಂಬರು. ನಿಮ್ಮ ಊರು ಆಗ ಯಾವ ತಾಲ್ಲೂಕಿನಲ್ಲಿತ್ತು, ಊರಿನ ಹೆಸರನ್ನು ಆಗ ಹೇಗೆ ಬರೆಯುತ್ತಿದ್ದರು, ಇವೆರಡೂ ಗೊತ್ತಿಲ್ಲದಿದ್ದರೆ ಸುಮ್ನೆ ಪುಟ ತಿರುವುತ್ತಾ ಕೂರಬೇಕು. ನಾನು ಕೂತೆ. ಅದರಿಂದ ನಷ್ಟವೇನೂ ಆಗಲಿಲ್ಲ. ಹುಡುಕದೇ ಇದ್ದದ್ದೇ ಜಾಸ್ತಿ ಸಿಕ್ಕಿತು.

ಸಿಕ್ಕಿದ್ದು ಮುಖ್ಯವಾಗಿ ಪದಗಳು. ಕಟ್ಟುಕೊಡಗೆ ಅಂದರೆ ಕೆರೆ ಕಟ್ಟಿದವರಿಗೆ, ನೋಡಿಕೊಳ್ಳುವವರಿಗೆ ಬಿಟ್ಟುಕೊಟ್ಟ ಭೂಮಿ. ಬಿತ್ತುವಟ್ಟವೂ ಅಂಥದ್ದೇ ಒಂದು ದಾನ. ಗಡಿ ಹೇಳುವಾಗ ಮೂಡಲು, ತೆಂಕಲು, ಪಡುವಲು, ಬಡಗಲು ಅಂತ ಒಂದೊಂದೇ ದಿಕ್ಕು. ಗದ್ದೆ ಎಲ್ಲಿದೆ ಅಂದರೆ ಕೆರೆಯ ಕೆಳಗೆ, ನೀರು ಬಿಡುವ ತೂಬಿನ ಕೆಳಗೆ. ನಮ್ಮ ಡ್ರಾಯಿಂಗಿನಲ್ಲಿ ಕೆರೆ ಅಂದರೆ ಒಂದು ನೀಲಿ ಆಕಾರ, ಸುತ್ತ ಒಂದು ದಾರಿ. ಅವರ ಮಾತಿನಲ್ಲಿ ಕೆರೆ ಅಂದರೆ ಏರಿ, ತೂಬು, ಕೋಡಿ, ಕಾಲುವೆ, ಆ ನೀರು ಉಣ್ಣುವ ಗದ್ದೆಬಯಲು ಅಂದರೆ ಅಚ್ಚುಕಟ್ಟು, ಜೊತೆಗೆ ನೀರು ಬಿಡುವ ನೀರಗಂಟಿ. ಡಿಸೈನ್ ಕಾಲೇಜಿನಲ್ಲಿ ಐದು ವರ್ಷ ಓದಿದ ನನಗೆ ಇದರಲ್ಲಿ ಅರ್ಧ ಪದ ಹೊಸದು. ಈಗ ಕೋಡಿಹಳ್ಳಿ ಅನ್ನುವ ಬಸ್ ಬೋರ್ಡ್ ನೋಡಿದರೂ ಕಿವಿ ನಿಮಿರುತ್ತದೆ.

ಆ ಪದಗಳನ್ನು ತಲೆಯಲ್ಲಿ ಇಟ್ಟುಕೊಂಡು ಮತ್ತೆ ಕೆರೆಗೆ ಹೋದೆ. ಏರಿಯ ಒಳಮಗ್ಗುಲಲ್ಲಿ, ಜಾಲಿ ಮುಳ್ಳಿನ ನಡುವೆ, ಎರಡು ಕಲ್ಲಿನ ಕಂಬ ನಿಂತಿದ್ದವು. ಅವನ್ನು ಅಡ್ಡಲಾಗಿ ಸೇರಿಸುವ ಕಲ್ಲು, ಅದರಲ್ಲೊಂದು ತೂತು. ಹಿಂದೆ ಮೂರು ಸಲ ಇದೇ ಕಂಬಗಳ ಪಕ್ಕ ನಡೆದು ಹೋಗಿದ್ದೆ. ಯಾವುದೋ ಹಳೇ ಮಂಟಪದ್ದಿರಬೇಕು ಅಂದುಕೊಂಡಿದ್ದೆ. ಅದು ತೂಬು! ಆ ತೂತಿನಲ್ಲಿ ಗಣೆ ಇಳಿಬಿಟ್ಟು, ತಳದ ಕಂಡಿಯ ಬಿರಡೆ ಎತ್ತಿ ಇಳಿಸಿ ಗದ್ದೆಗೆ ನೀರು ಬಿಡುತ್ತಿದ್ದರು. ಪದ ಗೊತ್ತಾಗುವವರೆಗೆ ಕಣ್ಣಿಗೆ ವಸ್ತು ಕಂಡಿರಲಿಲ್ಲ.

ದೇಶ ಸುತ್ತು, ಕೋಶ ಓದು ಅನ್ನುತ್ತಾರೆ. ಕೋಶ ಮೊದಲು, ದೇಶ ಆಮೇಲೆ ಅನ್ನುವವರೂ ಇದ್ದಾರೆ. ನನ್ನ ಅನುಭವದಲ್ಲಿ ಎರಡನ್ನೂ ಒಂದೊಂದೇ ಸಲ ಮಾಡಿ ಮುಗಿಸಿದರೆ ಸಾಲದು. ಜಾಗ ನೋಡಿ ಬಂದ ಮೇಲೆ ಓದಿದ ಪುಟವೇ ಬೇರೆ ಕಾಣುತ್ತದೆ. ಓದಿ ಹೋದ ಮೇಲೆ ಜಾಗವೇ ಬೇರೆ.

ಈ ಕೆಲಸದಲ್ಲಿ ಇರುವ ಕಿರಿಯರಿಗೆ ನಾನು ಕೇಳಿಕೊಳ್ಳುವುದು ಇಷ್ಟೇ. ಗುತ್ತಿಗೆ ಬರೆಯುವಾಗಲೇ ಲೈಬ್ರರಿಗೆ ದಿನ ಕೇಳಿ, ಅದಕ್ಕೆ ಸಂಬಳವನ್ನೂ ಕೇಳಿ. ಜಾಗ ನೋಡಲು ಒಂದು ಬೆಳಗ್ಗೆ ಸಾಕು ಅಂದರೆ ಒಪ್ಪಬೇಡಿ. ಮಳೆ ಬರುವಾಗ ಹೋಗಿ. ಶೂ ಹಾಳಾದರೆ ಆಗಲಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಹಸು ಮೇಯಿಸುವವರನ್ನು, ಬಟ್ಟೆ ಒಗೆಯುವವರನ್ನು ಮಾತಾಡಿಸಿ. ಆದರೆ ಡ್ರಾಯಿಂಗ್ ಮುಗಿಸಿಕೊಂಡು ಹೋಗಿ ಕೇಳಬೇಡಿ. ಮುಗಿದ ಡ್ರಾಯಿಂಗ್ ಕೈಯಲ್ಲಿದ್ದರೆ ಜನ ಮರ್ಯಾದೆಗೆ ತಲೆಯಾಡಿಸಿಬಿಡುತ್ತಾರೆ. ಆ ತಾತ ಹಾಗೆ ಮಾಡಲಿಲ್ಲ, ಅದು ನನ್ನ ಪುಣ್ಯ.

ಬೆಂಚುಗಳು ಈಗ ಏರಿಯ ಇನ್ನೊಂದು ತುದಿಯ ಹೊಂಗೆ ಮರಗಳ ಕೆಳಗೆ ಬರುತ್ತವೆ. ಕೋಡಿ ಹಳ್ಳವನ್ನು ಹಾಗೇ ತೆರೆದು ಬಿಟ್ಟಿದ್ದೇವೆ. ತೂಬಿನ ಸುತ್ತ ಮುಳ್ಳು ತೆಗೆಸಿದ್ದೇವೆ.

ಮುಳ್ಳು ತೆಗೆಸುವಾಗ ಪಕ್ಕದಲ್ಲೇ ಅರ್ಧ ಹೂತ ಒಂದು ಕಲ್ಲು ಸಿಕ್ಕಿತು. ಮೇಲೆ ಹಳೆಯ ಅರಿಶಿನ, ಸುಣ್ಣ. ಕೈಯಾಡಿಸಿದರೆ ಅಕ್ಷರದ ಹಾಗೆ ಏನೋ ತಗಲುತ್ತದೆ. ಒಂಬತ್ತನೇ ಸಂಪುಟದಲ್ಲಿ ನಮ್ಮ ಊರಿನ ಹೆಸರಿನಡಿ ಅಂಥ ಕಲ್ಲಿನ ಸುದ್ದಿ ಇಲ್ಲ. ಪಕ್ಕದ ಊರಿನ ಹೆಸರಿನಲ್ಲಿ ಇರಬಹುದು. ಶನಿವಾರ ಮತ್ತೆ ನೃಪತುಂಗ ರಸ್ತೆಗೆ ಹೋಗುತ್ತಿದ್ದೇನೆ.